ಕಶ್ಯಪನ ಭಾಗಾಕಾರ

ದ್ಯೂತಸಭೆಯಲ್ಲಿ ದ್ರೌಪದಿಯು ಕೇಳಿದ ಧರ್ಮಪ್ರಶ್ನೆಗೆ ಹಿರಿಯರೆಲ್ಲರೂ ಉತ್ತರಗಾಣದವರಂತೆ ಕುಳಿತಿರಲು, ವಿದುರನು ಎದ್ದು ಒಂದು ಪುರಾತನ ಕಥೆಯನ್ನು ಹೇಳುತ್ತಾನೆ. ಪ್ರಹ್ಲಾದನ ಮಗನಾದ ವಿರೋಚನನಿಗೂ ಆಂಗಿರಸನಾದ ಸುಧನ್ವನಿಗೂ ಕನ್ಯೆಯೊಬ್ಬಳ ನಿಮಿತ್ತವಾಗಿ ಯಾರು ಮೇಲೆಂಬ ವಿವಾದ ಹುಟ್ಟಿ, ಇಬ್ಬರೂ ಪ್ರಾಣವನ್ನೇ ಪಣವಾಗಿಟ್ಟು ಪ್ರಹ್ಲಾದನ ಬಳಿಗೇ ತೀರ್ಪಿಗೆಂದು ಬರುತ್ತಾರೆ. ಮಗನ ಪ್ರಾಣದ ಮಾತಾದ್ದರಿಂದ ತಂದೆಯ ನಾಲಗೆ ಏಳದು. ಬಲ್ಲವನು ಬಾಯಿ ಬಿಡದಿದ್ದರೆ ಅವನಿಗೆ ಒದಗುವ ಗತಿಯೇನೆಂದು ಅವನು ಕಶ್ಯಪನಲ್ಲಿ ವಿಚಾರಿಸುತ್ತಾನೆ. ಕಶ್ಯಪನ ಉತ್ತರದಲ್ಲಿ ವಿಚಿತ್ರವಾದೊಂದು ಲೆಕ್ಕವಿದೆ. ನಿಂದ್ಯವಾದುದನ್ನು ನಿಂದಿಸದೆ ಬಿಟ್ಟ ಸಭೆಯಲ್ಲಿ ಪಾಪದ ಕಾಲುಭಾಗ ಮಾತ್ರ ಮಾಡಿದವನದು. ಇನ್ನೊಂದು ಕಾಲು ಸುಮ್ಮನೆ ಕುಳಿತ ಸಭಾಸದರದು. ಉಳಿದ ಅರ್ಧವೆಲ್ಲ ಆ ಸಭೆಯ ಶ್ರೇಷ್ಠನದು. ನಿಂದಿಸಿದರೋ, ಇವರಿಬ್ಬರೂ ಮುಕ್ತರು. ಪಾಪವು ಇಡಿಯಾಗಿ ಕರ್ತೃವಿನ ತಲೆಗೇ ಸಲ್ಲುತ್ತದೆ.

ಮಾಡಿದವನಿಗೆ ಕಾಲು, ಮಾಡದವನಿಗೆ ಅರ್ಧ! ನ್ಯಾಯಾಲಯದಲ್ಲಿ ನಿಲ್ಲತಕ್ಕ ಲೆಕ್ಕವಲ್ಲ ಇದು. ಆದರೆ ಮನುಷ್ಯನು ತನ್ನ ಜೀವಮಾನದಲ್ಲಿ ಮೊತ್ತಮೊದಲು ಪ್ರವೇಶಿಸುವ ಸಭೆಯೆಂದರೆ ಶಾಲೆಯ ತರಗತಿ. ಅಲ್ಲಿ ಒಬ್ಬ ಹುಡುಗನನ್ನು ಹಲವರು ದಿನಂಪ್ರತಿ ರೇಗಿಸಿ, ಕಾಡಿಸಿ, ಹಣಿಯುವುದನ್ನು ಯಾರು ಕಂಡಿರುವರೋ ಅವರಿಗೆ ಈ ಲೆಕ್ಕ ಅಷ್ಟು ಅಸಂಗತವಾಗಿ ತೋರಲಾರದು. ಸಮಾನರು ಪರಸ್ಪರ ಮಾಡುವ ಹಾಸ್ಯವನ್ನು ಇಲ್ಲಿ ಹೇಳುತ್ತಿಲ್ಲ. ನಾರ್ವೆ ದೇಶದ ಬರ್ಗೆನ್ನಿನಲ್ಲಿ ಈ ವಿಷಯವನ್ನು ದಶಕಗಳ ಕಾಲ ಅಭ್ಯಾಸಮಾಡಿದ ಡಾನ್ ಓಲ್ವೇಯಸ್ ಇದಕ್ಕೆ ಕೊಟ್ಟ ಲಕ್ಷಣದಲ್ಲಿ ಹಾನಿಮಾಡುವ ಉದ್ದೇಶ, ಮರಳಿ ಮರಳಿ ನಡೆಯುವಿಕೆ, ಬಲದ ಅಸಮತೆ, ಈ ಮೂರೂ ಸೇರಿವೆ. ಫಿನ್ಲೆಂಡಿನ ಕ್ರಿಸ್ಟೀನಾ ಸಾಲ್ಮಿವಾಲ್ಲಿ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನವಾದರೋ ಕಾಡುವವನನ್ನೂ ಕಾಡಿಸಿಕೊಳ್ಳುವವನನ್ನೂ ಬಿಟ್ಟು ಸುತ್ತ ನೆರೆದವರತ್ತ ದೃಷ್ಟಿ ಹರಿಸಿತು: ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ಕಂಡೂ ಕಾಣದಂತೆ ಇರುವವರು, ಅಡ್ಡಬಂದು ಕಾಪಾಡುವವರು. ಕಶ್ಯಪನ ಸಭಾಸದರು ಅಲ್ಲಿಯೂ ಇದ್ದಾರೆ.

ಹಾಗಾದರೆ ಈ ಸಭೆಯ ಶ್ರೇಷ್ಠನು ಯಾರು? ನಮ್ಮ ಕಾಲದಲ್ಲಿ ಇದಕ್ಕೆ ಸಿದ್ಧವಾದ ಉತ್ತರವೊಂದಿತ್ತು: ಮಾನಿಟರ್. ನಾನೂ ಒಂದು ವರ್ಷ ಆ ಪದವಿಯಲ್ಲಿದ್ದೆ. ಮೇಷ್ಟರು ಬರುವವರೆಗೆ ಗಲಾಟೆ ಮಾಡಿದವರ ಹೆಸರನ್ನು ಕರಿಹಲಗೆಯ ಮೂಲೆಯಲ್ಲಿ ಬರೆಯತಕ್ಕದ್ದು ನನ್ನ ಧರ್ಮ. ಉಗ್ಗು ಮಾತಿನ ಹುಡುಗನೊಬ್ಬನಿದ್ದ. ಅವನಿಗೆ ಅತ್ಯಂತ ಕಠಿನವಾದ ಅಕ್ಷರವೇ ಅವನ ಹೆಸರಿನ ಆದಿಯಲ್ಲಿತ್ತು. ಹಿಂದಿನ ಬೆಂಚಿನವರು ಆ ಹೆಸರನ್ನು ಅವನ ಉಗ್ಗಿನಲ್ಲಿಯೇ, ತಗ್ಗಿದ ದನಿಯಲ್ಲಿ, ತಿಂಗಳುಗಟ್ಟಲೆ ಉಚ್ಚರಿಸಿದರು. ಆ ಪಿಸುಮಾತಿಗೆ ಹಲಗೆಯ ಮೇಲೆ ಸ್ಥಾನವಿರಲಿಲ್ಲ. ಒಂದು ದಿನ ಅವನು ತಾಳಲಾರದೆ ಕಿರುಚಿಕೊಂಡ. ನಾನು ಅವನ ಹೆಸರನ್ನು ಬರೆದೆ. ಬರೆದದ್ದು ಸುಳ್ಳಲ್ಲ, ಗದ್ದಲ ಮಾಡಿದವನು ಅವನೇ. ಛಡಿಯೇಟು ಬಿದ್ದದ್ದೂ ಅವನಿಗೇ.

ಅಧಿಕಾರದಿಂದ ಬರುವ ಶ್ರೇಷ್ಠತ್ವದ ಕೊರತೆ ಇಲ್ಲಿಯೇ ಇದೆ. ಅದು ಸದ್ದನ್ನು ಕೇಳುತ್ತದೆ, ನೋವನ್ನು ಕೇಳದು. ಇಂಗ್ಲೆಂಡಿನ ರಗ್ಬಿ ಶಾಲೆಗೆ 1828ರಿಂದ 1842ರವರೆಗೆ ಮುಖ್ಯೋಪಾಧ್ಯಾಯನಾಗಿದ್ದ ಥಾಮಸ್ ಆರ್ನಾಲ್ಡನು ಮೇಲಿನ ತರಗತಿಯವರಿಗೆ ಕಿರಿಯರನ್ನು ಶಿಕ್ಷಿಸುವ ಹಕ್ಕನ್ನೂ ಕೊಟ್ಟು, ಅವರ ಮೂಲಕ ಶಾಲೆಯ ಶೀಲವನ್ನು ಎತ್ತಲು ಶ್ರಮಿಸಿದ ಮಹನೀಯ. ಆದರೂ ಅವನ ಕೈಕೆಳಗೆ ಓದಿದ ಥಾಮಸ್ ಹ್ಯೂಸ್ 1857ರಲ್ಲಿ ಆ ಶಾಲೆಯನ್ನೇ ಕುರಿತು ಬರೆದ ಕಾದಂಬರಿಯಲ್ಲಿ, ದೊಡ್ಡ ಹುಡುಗರು ಟಾಮ್ ಬ್ರೌನನೆಂಬ ಬಾಲಕನನ್ನು ಉರಿಯುವ ಬೆಂಕಿಯ ಮುಂದೆ ಹಿಡಿದು ಕಾಯಿಸುವ ಪ್ರಸಂಗವು ಬರುತ್ತದೆ.

ಈಚೆಗೆ, 2012–13ರ ಶಾಲಾವರ್ಷದಲ್ಲಿ, ಅಮೆರಿಕದ ನ್ಯೂಜೆರ್ಸಿ ಪ್ರಾಂತದ 56 ಮಾಧ್ಯಮಿಕ ಶಾಲೆಗಳಲ್ಲಿ ನಡೆದ ಪ್ರಯೋಗವೊಂದು ಶ್ರೇಷ್ಠನನ್ನು ಬೇರೆ ದಾರಿಯಿಂದ ಹುಡುಕಿತು. ಎಲಿಜಬೆತ್ ಪಲಕ್ ಮತ್ತು ಅವರ ಸಹೋದ್ಯೋಗಿಗಳು ಉಪಾಧ್ಯಾಯರನ್ನು ಕೇಳಲಿಲ್ಲ, ಚುನಾವಣೆ ನಡೆಸಲಿಲ್ಲ. ನೀನು ಯಾರ ಒಡನೆ ಕಾಲ ಕಳೆಯುವೆ ಎಂದಷ್ಟೇ ಪ್ರತಿಯೊಂದು ಮಗುವನ್ನೂ ಕೇಳಿದರು. ಆ ಉತ್ತರಗಳಿಂದ, ಯಾರ ಮುಖವನ್ನು ಇತರರು ನೋಡುವರೋ ಅಂತಹ ಮಕ್ಕಳು ತಾವಾಗಿ ಗೋಚರರಾದರು. ಅವರಲ್ಲಿ ಜಾಣರೂ ಇರಬಹುದು, ತುಂಟರೂ ಇರಬಹುದು. ಅರ್ಧದಷ್ಟು ಶಾಲೆಗಳಲ್ಲಿ ಚೀಟಿಯೆತ್ತಿದಂತೆ ಆರಿಸಿದ ಸಣ್ಣ ಗುಂಪುಗಳು ಕೂಡಿ, ತಮ್ಮ ಶಾಲೆಯ ಕಲಹಗಳನ್ನು ತಾವೇ ಗುರುತಿಸಿ, ತಾವೇ ಭಿತ್ತಿಪತ್ರಗಳನ್ನು ಬರೆದವು. ಯಾರಾದರೂ ಸ್ನೇಹದಿಂದ ನಡೆದುಕೊಂಡದ್ದನ್ನು ಕಂಡರೆ ಕಿತ್ತಳೆ ಬಣ್ಣದ ಕೈಪಟ್ಟಿಯೊಂದನ್ನು ಕೊಟ್ಟವು. ಶಿಕ್ಷಿಸುವ ಹಕ್ಕು ಅವರಿಗಿರಲಿಲ್ಲ. ವರ್ಷಾಂತ್ಯದಲ್ಲಿ ಆ ಶಾಲೆಗಳಲ್ಲಿ ದಾಖಲಾದ ಜಗಳಗಳು ಶೇಕಡ 30ರಷ್ಟು ತಗ್ಗಿದ್ದವು. ಹತ್ತು ಜನ ನೋಡುವಂತಹ ಮಕ್ಕಳು ಗುಂಪಿನಲ್ಲಿ ಹೆಚ್ಚಾಗಿದ್ದ ಕಡೆ ಪರಿಣಾಮವೂ ಹೆಚ್ಚಾಗಿತ್ತು.

ಈ ಫಲವನ್ನು ಕಂಡು ಹಿಗ್ಗುವವರಿಗೆ ನನ್ನದೊಂದು ತಕರಾರು. ಮಕ್ಕಳೇ ಮಕ್ಕಳನ್ನು ತಿದ್ದಿಕೊಳ್ಳಲಿ ಎಂಬ ಮಾತು ಕೇಳಲು ಇಂಪು. ಅದರ ಒಳಗೆ, ತಮ್ಮ ಪಾಲಿನ ಅರ್ಧವನ್ನು ಹನ್ನೆರಡು ವರ್ಷದ ಹೆಗಲಿಗೆ ದಾಟಿಸುವ ಹಿರಿಯರ ಜಾಣತನವೂ ಅಡಗಿರಬಹುದು. ಶಾಲಾ ಸಂಸತ್ತಿಗೆ ಮಂತ್ರಿಗಳನ್ನು ನೇಮಿಸಿ, ಎದೆಗೆ ಬಿಲ್ಲೆ ಚುಚ್ಚಿ, ಭಾವಚಿತ್ರ ತೆಗೆಸಿಕೊಂಡ ಮಾತ್ರಕ್ಕೆ ಆ ಅರ್ಧವು ಉಪಾಧ್ಯಾಯರ ಕೊಠಡಿಯನ್ನು ಬಿಟ್ಟು ಹೋಗದು. ಕರಿಹಲಗೆಯ ಮೇಲೆ ನಾನು ಬರೆದ ಹೆಸರನ್ನು ಓದಿದ ಮೇಷ್ಟರು, ಏಕೆ ಕಿರುಚಿದೆ ಎಂದು ಆ ಹುಡುಗನನ್ನು ಒಂದು ಮಾತು ಕೇಳಿದ್ದರೆ ಸಾಕಾಗಿತ್ತು. ಕೇಳಿದ್ದರೂ ಆ ಉಗ್ಗಿನಲ್ಲಿ ಅವನು ಏನು ಹೇಳುತ್ತಿದ್ದನೋ. ಅವನ ಪರವಾಗಿ ಹೇಳಬೇಕಾದವನು ಸುಣ್ಣದ ಕಡ್ಡಿ ಹಿಡಿದು ಪಕ್ಕದಲ್ಲಿಯೇ ನಿಂತಿದ್ದ.

ವಿದುರನು ಈ ಕಥೆಯನ್ನು ಹೇಳುವುದಕ್ಕೆ ಮೊದಲೇ ಆ ಸಭೆಯಲ್ಲಿ ಕಿರಿಯನೊಬ್ಬನು ಮಾತಾಡಿ ಮುಗಿಸಿದ್ದ. ಧೃತರಾಷ್ಟ್ರನ ಮಕ್ಕಳಲ್ಲೊಬ್ಬನಾದ ವಿಕರ್ಣ, ಗೆದ್ದವರ ಪಕ್ಷದಲ್ಲಿಯೇ ಕುಳಿತಿದ್ದವನು, ದ್ರೌಪದಿಯು ಗೆಲ್ಲಲ್ಪಟ್ಟವಳಲ್ಲ ಎಂದು ಕಾರಣಗಳನ್ನು ಎಣಿಸಿ ಹೇಳಿದ. ಒಡನೆ ಸಭಾಸದರಿಂದ ಮಹಾಘೋಷವೆದ್ದಿತು. ಅವನನ್ನು ಹೊಗಳಿದರು, ಶಕುನಿಯನ್ನು ಹಳಿದರು. ಅಷ್ಟು ಹೊತ್ತು ಸುಮ್ಮನಿದ್ದವರ ಎದೆಯಲ್ಲಿ ಅದೇ ಮಾತಿತ್ತು. ಎಳೆಯನೊಬ್ಬನು ಮೊದಲು ಬಾಯಿ ತೆರೆಯಬೇಕಾಗಿತ್ತು, ಅಷ್ಟೆ. ಆ ಸದ್ದು ಅಡಗಿದ ಮೇಲೆ ಕರ್ಣನು ಎದ್ದು, ನೀನಿನ್ನೂ ಬಾಲಕ ಎಂದು ವಿಕರ್ಣನನ್ನು ಗದರಿಸಿದ. ಘೋಷವು ಅಡಗಿದುದಕ್ಕೂ ಕರ್ಣನು ಎದ್ದುದಕ್ಕೂ ನಡುವೆ ಭೀಷ್ಮನಿಗೆ ಒಂದು ಮಾತು ಸೇರಿಸುವಷ್ಟು ಅವಕಾಶವಿತ್ತು.