ಗುರಿ ಕೊಟ್ಟೋರು ಯಾರು?

ನನ್ನ ತಂಡದ ಹುಡುಗನೊಬ್ಬ ಕೆಲಸ ಬಿಟ್ಟು ಪಿಎಚ್‌ಡಿ ಮಾಡ್ತೀನಿ ಅಂತ ಹೊರಟಿದ್ದಾನೆ. ವಿಷಯ: ಗೇಮ್ ಥಿಯರಿ ಮತ್ತು ಕಂಟ್ರೋಲ್ ಎಂಜಿನಿಯರಿಂಗ್. ಐಐಟಿ ಬಾಂಬೆಯಲ್ಲಿ ಕಂಟ್ರೋಲ್‌ಗೇ ಪ್ರತ್ಯೇಕ ಕೇಂದ್ರ ಇದೆ, ಗೇಮ್ ಥಿಯರಿಗೆ ನಮ್ಮೂರಿನ ಐಐಎಸ್‌ಸಿ ಇದೆ. ಜೂನಿಯರ್ ಫೆಲೋಶಿಪ್ 2023ರಿಂದ ತಿಂಗಳಿಗೆ 37,000 ರೂಪಾಯಿ. ಆಫೀಸಿನಲ್ಲಿ ಎಲ್ಲರ ಪ್ರಶ್ನೆಯೂ ಈ ದುಡ್ಡಿನದ್ದೇ. ನನ್ನ ಪ್ರಶ್ನೆ ಬೇರೆ.

ಕಂಟ್ರೋಲ್ ಅಂದ್ರೆ ಮನೆಯ ಗೀಸರ್ ಮಾಡೋ ಕೆಲಸ. ನೀರು ಎಷ್ಟು ಬಿಸಿಯಾಗಬೇಕು ಅಂತ ನಾವು ಹೇಳ್ತೀವಿ; ಅಷ್ಟಾಗುವವರೆಗೆ ಅದು ಕಾಯಿಸುತ್ತೆ. ಗುರಿ ಯಾವಾಗಲೂ ಹೊರಗಿನಿಂದ ಬರುತ್ತೆ. ಗೇಮ್ ಥಿಯರಿಯಲ್ಲಿ ಗುರಿ ಇರೋರು ಹಲವರು. ಒಬ್ಬರ ನಡೆ ಇನ್ನೊಬ್ಬರ ಲಾಭನಷ್ಟವನ್ನು ಬದಲಿಸುತ್ತೆ.

ಇವೆರಡೂ ಸೇರಿದ್ದು 1950ರ ದಶಕದಲ್ಲಿ, ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿದ್ದ ರೂಫಸ್ ಐಸಾಕ್ಸ್ ಕೈಯಲ್ಲಿ. ಅವರ ಪ್ರಸಿದ್ಧ ಸಮಸ್ಯೆ 'ಕೊಲೆಗಡುಕ ಡ್ರೈವರ್'. ವೇಗವಾಗಿ ಓಡುವ, ಆದರೆ ಸರಕ್ಕನೆ ತಿರುಗಲಾರದ ಕಾರು. ನಿಧಾನ ಆದರೂ ಎತ್ತ ಬೇಕಾದರೂ ತಿರುಗಬಲ್ಲ ಪಾದಚಾರಿ. ತಪ್ಪಿಸ್ಕೊಳ್ತಾನಾ? ಹಿಂದಿದ್ದ ಆಸಕ್ತಿ ಕ್ಷಿಪಣಿ, ಯುದ್ಧವಿಮಾನಗಳದ್ದು. ಮುಂದೆ ಅದೇ ಗಣಿತವನ್ನು ಎರಡು ವಿಮಾನ ಡಿಕ್ಕಿಯಾಗದಂತೆ ನೋಡಿಕೊಳ್ಳೋದಕ್ಕೂ ಬಳಸಿದರು. ಎದುರಿನ ವಿಮಾನ ಅಟ್ಟಿಸಿಕೊಂಡು ಬಂದರೂ ಎಲ್ಲಿದ್ದರೆ ನಾವು ಕ್ಷೇಮ ಅನ್ನೋ ಲೆಕ್ಕ ಅದು.

'ಹಾಗಾದ್ರೆ ಗಣಿತಕ್ಕೆ ಪಾಪಪುಣ್ಯ ಇಲ್ಲ, ಚಾಕು ಇದ್ದಂಗೆ' ಅಂತೀರಾ? ಅರ್ಧ ನಿಜ. ಈ ಲೆಕ್ಕಗಳಲ್ಲೆಲ್ಲ 'ಕಾಸ್ಟ್ ಫಂಕ್ಷನ್' ಅನ್ನೋ ಒಂದು ಸಾಲಿರುತ್ತೆ: ಯಾವುದನ್ನು ಕಡಿಮೆ ಮಾಡಬೇಕು ಅಂತ ಹೇಳುವ ಸಾಲು. ಸಿಗ್ನಲ್ಲಿಗೆ 'ಕಾಯುವ ವಾಹನಗಳ ಸಂಖ್ಯೆ ಕಡಿಮೆ ಮಾಡು' ಅಂದ್ರೆ, ಐವತ್ತು ಜನ ಇರೋ ಬಸ್ಸೂ ಒಂದು, ಒಬ್ಬನೇ ಕೂತ ಕಾರೂ ಒಂದು. ರಸ್ತೆ ದಾಟಲು ನಿಂತ ಅಜ್ಜಿ ಸೊನ್ನೆ. ಇಲ್ಲಿ ಯಾರೂ ಕೆಟ್ಟವರಲ್ಲ. ಯಂತ್ರ ಹೇಳಿದ್ದನ್ನು ಮಾಡಿದೆ, ಎಂಜಿನಿಯರ್ ಕೊಟ್ಟ ಗುರಿ ಮುಟ್ಟಿದ್ದಾನೆ. ಅನ್ಯಾಯ ಮಾತ್ರ ಆಗಿದೆ. ಅದು ಉತ್ತರದಲ್ಲಿಲ್ಲ, ಪ್ರಶ್ನೆಯನ್ನು ಬರೆದುಕೊಂಡ ರೀತಿಯಲ್ಲಿದೆ.

ನಮ್ಮ ಕೆಲಸಗಳಲ್ಲಿ ಆ ಸಾಲು ಮೇಲಿನಿಂದ ಬರೆದೇ ಬರುತ್ತೆ. ಟಾರ್ಗೆಟ್ ಅಂತೀವಿ, ಸುಮ್ಮನಾಗ್ತೀವಿ. ಸಂಶೋಧನೆಯಲ್ಲಿ ಅದನ್ನು ಪ್ರಶ್ನಿಸೋದೂ ಕೆಲಸದ ಭಾಗವೇ. ಕಡಿಮೆ ದುಡ್ಡಿಗೆ ನಾಲ್ಕೈದು ವರ್ಷ ಕೊಡೋದಕ್ಕೆ ನನಗೆ ಕಾಣೋ ಒಳ್ಳೇ ಕಾರಣ ಇದು.

ಹಾಗಂತ ಸಂಶೋಧನೆಯೇನೂ ಪವಿತ್ರ ಅಲ್ಲ. ಪ್ರಾಜೆಕ್ಟಿಗೆ ದುಡ್ಡು ಕೊಟ್ಟವರಿಗೂ ಗುರಿ ಇರುತ್ತೆ. ಮನೆ ಸಾಲ ಇರೋನಿಗೆ 'ಒಪ್ಪದ ಪ್ರಾಜೆಕ್ಟ್ ಬಿಡು' ಅನ್ನೋದು ಪುಕ್ಕಟೆ ಉಪದೇಶ, ನಾನು ಕೊಡಲ್ಲ. ಕೇಳೋದಕ್ಕಂತೂ ದುಡ್ಡು ಬೇಡ. ಸಂದರ್ಶನದ ಕೊನೆಗೆ 'ನಿಮ್ಮ ಪ್ರಶ್ನೆ ಏನಾದ್ರೂ ಇದೆಯಾ?' ಅಂತಾರಲ್ಲ, ಆಗ ಇಷ್ಟು ಕೇಳಿ: 'ಸರ್, ಈ ಲೆಕ್ಕದಲ್ಲಿ ಯಾರನ್ನು ಎಣಿಸಿಲ್ಲ?'

ಉತ್ತರ ಕೊಡಲು ಅವರು ಒಂದು ಕ್ಷಣ ಯೋಚಿಸಿದರೆ, ಆ ಗೈಡ್ ಹತ್ತಿರ ಧೈರ್ಯವಾಗಿ ಸೇರ್ಕೊಳ್ಳಿ.