ಕೂಸಿನ ಮುಂದೆ ಆಡುವ ಮಾತು

ಶರಣಧರ್ಮದಲ್ಲಿ ಮಾತಿಗೆ ಸಂದಿರುವ ಗೌರವವು ಅಸಾಧಾರಣವಾದುದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶಿವಶರಣರು ತಮ್ಮ ಅನುಭಾವವನ್ನು ಹೊರಗೆಡಹಿದ ಬಗೆಗೆ ‘ವಚನ’ವೆಂಬ ಹೆಸರೇ ನಿಂತಿತು. ವಚನವೆಂದರೆ ಮಾತು, ವಚನವೆಂದರೆ ಕೊಟ್ಟ ಭಾಷೆಯೂ ಹೌದು. ಆಡಿದ ಮಾತು ಕೊಟ್ಟ ಭಾಷೆಯಷ್ಟೇ ಭಾರವಾದುದೆಂಬ ಅರಿವು ಆ ಹೆಸರಿನಲ್ಲಿಯೇ ಅಡಗಿದೆ. ಈ ತತ್ತ್ವವನ್ನು ಸಭೆಯಲ್ಲಿ ನೆನೆಯುವವರು ಬಹಳ. ಗುರುಹಿರಿಯರ ಸಮ್ಮುಖದಲ್ಲಿ ನೆನೆಯುವವರು ಇನ್ನೂ ಬಹಳ. ಮನೆಯಲ್ಲಿ ಮೂರು ವರ್ಷದ ಕೂಸಿನ ಮುಂದೆ ನೆನೆಯುವವರು ಮಾತ್ರ ವಿರಳ. ಆದರೆ ತಾಯಿತಂದೆಗಳ ನುಡಿಗೆ ನಿಜವಾದ ಒರೆಗಲ್ಲು ಆ ಕೂಸೇ.

ದೊಡ್ಡವರು ಪರರ ಮಾತನ್ನು ತೂಗಿ ನೋಡುತ್ತಾರೆ. ಅರ್ಧವನ್ನು ನಂಬಿ ಅರ್ಧವನ್ನು ಬಿಡುತ್ತಾರೆ. ಕೂಸಿಗೆ ಈ ಲೆಕ್ಕ ತಿಳಿಯದು. ತಂದೆ ಹೇಳಿದ್ದು ಅದಕ್ಕೆ ಪ್ರಮಾಣ. ತಾಯಿ ನುಡಿದದ್ದೇ ಶಾಸ್ತ್ರ. ಈ ಸತ್ಯವು ಕೋಳೂರ ಕೊಡಗೂಸಿನ ಕಥೆಯಲ್ಲಿ ಮನಕರಗುವಂತೆ ಮೂಡಿದೆ. ಹಂಪೆಯ ಹರಿಹರ ಕವಿಯು ಅದನ್ನು ರಗಳೆಯಾಗಿ ಹಾಡಿದ್ದಾನೆ. ಕೋಳೂರಿನ ಶಿವಭಕ್ತನೊಬ್ಬನು ನಿತ್ಯವೂ ಗುಡಿಗೆ ಹಾಲನ್ನೊಯ್ದು ಶಿವನಿಗೆ ಅರ್ಪಿಸುತ್ತಿದ್ದನು. ಬೇರೆ ಊರಿಗೆ ಹೋಗಬೇಕಾಗಿ ಬಂದಾಗ ಆ ಕಾರ್ಯವನ್ನು ತನ್ನ ಎಳೆಯ ಮಗಳಿಗೆ ಒಪ್ಪಿಸಿದನು. ಮಗಳು ಹಾಲಿನ ಬಟ್ಟಲನ್ನು ಹಿಡಿದು ಶಿವನ ಮುಂದೆ ನಿಂತಳು. ಶಿವನು ಕುಡಿಯಲಿಲ್ಲ. ದೇವರು ಹಾಲು ಕುಡಿಯುವನೆಂದೇ ತಿಳಿದಿದ್ದ ಕೂಸು ಬೆದರಿತು, ಬೇಡಿತು, ಅತ್ತಿತು, ಪ್ರಾಣವನ್ನೇ ಬಿಡಲು ಸಿದ್ಧವಾಯಿತು. ಆ ಮುಗ್ಧಭಕ್ತಿಗೆ ಸೋತ ಶಿವನು ಬಂದು ಹಾಲನ್ನು ಕುಡಿದನು.

ತಂದೆ ಮರಳಿ ಬಂದು ಕೇಳಿದನು. ಮಗಳು ನಡೆದುದನ್ನು ನಡೆದ ಹಾಗೆಯೇ ಹೇಳಿದಳು. ತಂದೆ ನಂಬಲಿಲ್ಲ. ಹಾಲನ್ನು ಇವಳೇ ಕುಡಿದು ಸುಳ್ಳಾಡುತ್ತಿರುವಳೆಂದು ಬಗೆದನು; ಪರೀಕ್ಷೆಗೆ ನಿಲ್ಲಿಸಿದನು; ಕೋಪದಿಂದ ಮೇಲೇರಿ ಬಂದನು. ಅಂಜಿದ ಕೂಸು ಶಿವನನ್ನೇ ಕೂಗಿತು. ಶಿವನು ಅವಳನ್ನು ಲಿಂಗದೊಳಗೆ ಸೇರಿಸಿಕೊಂಡನು. ಕೊಡಗೂಸಿಗೆ ಮುಕ್ತಿಯಾಯಿತು, ತಂದೆಗೆ ಮಗಳು ಇಲ್ಲವಾದಳು.

ಆ ತಂದೆ ದುಷ್ಟನಲ್ಲ, ಭಕ್ತನೇ. ಅವನಲ್ಲಿದ್ದ ಕೊರತೆ ಎರಡು. ಪ್ರತಿದಿನ ‘ಸ್ವೀಕರಿಸು’ ಎಂದು ಹಾಲನ್ನಿಡುತ್ತಿದ್ದನು, ಆದರೆ ಸ್ವೀಕರಿಸುವನೆಂಬ ನಂಬುಗೆ ಅವನಲ್ಲಿ ಇರಲಿಲ್ಲ. ಅವನಿಗೆ ರೂಢಿಯಾಗಿದ್ದುದು ಮಗಳಿಗೆ ನಿಜವಾಗಿತ್ತು. ಇದು ಮೊದಲನೆಯದು. ಮಗಳ ಮಾತನ್ನು ವಿಚಾರಿಸುವ ಮೊದಲೇ ಅದನ್ನು ಸುಳ್ಳೆಂದು ತೀರ್ಮಾನಿಸಿದುದು ಎರಡನೆಯದು. ಈ ಎರಡು ಕೊರತೆಗಳು ಇಂದಿಗೂ ಮನೆಮನೆಯಲ್ಲಿ ಬೀಡುಬಿಟ್ಟಿವೆ.

ಅಳುವ ಮಗುವಿಗೆ ‘ಸುಮ್ಮನಿರು, ಸಂಜೆ ಜಾತ್ರೆಗೆ ಕರೆದೊಯ್ಯುವೆ’ ಎಂದು ಹೇಳಿ ಸಂಜೆ ಮರೆಯುವ ತಂದೆಯುಂಟು. ಉಣ್ಣದ ಮಗುವಿಗೆ ‘ಗುಮ್ಮ ಬಂದ’ ಎಂದು ಕತ್ತಲೆಯನ್ನು ತೋರುವ ತಾಯಿಯುಂಟು. ಸಾಲಗಾರನು ಬಾಗಿಲಿಗೆ ಬಂದಾಗ ‘ಅಪ್ಪ ಮನೆಯಲ್ಲಿಲ್ಲವೆಂದು ಹೇಳು’ ಎಂದು ಕಳುಹುವವರೂ ಉಂಟು. ಹೀಗೆ ಕಳುಹಿದ ಕೈಯೇ ನಾಳೆ, ಸುಳ್ಳಾಡಿದೆಯೆಂದು ಅದೇ ಮಗುವಿನ ಕಿವಿಯನ್ನು ಹಿಂಡುತ್ತದೆ. ಮಗು ಇದರಿಂದ ಕಲಿಯುವುದೇನು? ಸುಳ್ಳು ತಪ್ಪೆಂದಲ್ಲ, ಬಲವುಳ್ಳವರು ಆಡಿದರೆ ಅದು ತಪ್ಪಲ್ಲವೆಂದು. ಆದುದರಿಂದ ಕೊಡಲಾಗದುದನ್ನು ಕೊಡುವೆನೆನ್ನಬಾರದು. ಇಲ್ಲದ ಭೂತವನ್ನು ಕರೆಯಬಾರದು. ಮಾಡಲಾರದ ದಂಡನೆಯ ಬೆದರಿಕೆಯನ್ನು ಹಾಕಬಾರದು. ‘ಇಂದು ಆಗದು’ ಎಂಬ ನೇರವಾದ ಮಾತಿಗೆ ಮಗು ಒಂದು ಗಳಿಗೆ ಅತ್ತೀತು. ಆದರೆ ತಂದೆಯ ಮಾತು ನಿಲ್ಲುವ ಮಾತೆಂದು ಅದಕ್ಕೆ ತಿಳಿದೀತು.

ಇನ್ನು ಕೇಳುವ ಧರ್ಮ. ಶೂನ್ಯಸಂಪಾದನೆಯನ್ನು ಓದಿದವರಿಗೆ ಇದು ಹೊಸತಲ್ಲ. ಅಲ್ಲಮಪ್ರಭು, ಬಸವಣ್ಣ, ಅಕ್ಕಮಹಾದೇವಿ ಮೊದಲಾದವರ ಅನುಭಾವವು ಅಲ್ಲಿ ಪ್ರಶ್ನೋತ್ತರಗಳಾಗಿಯೇ ಸಾಗುತ್ತದೆ. ಪ್ರಭುದೇವರು ಅಕ್ಕನನ್ನು ಕಠಿಣವಾಗಿ ಪ್ರಶ್ನಿಸಿದರು, ಆದರೆ ಅವಳ ಉತ್ತರವನ್ನು ಪೂರ್ಣವಾಗಿ ಆಲಿಸಿದರು. ಆಲಿಸಿದ ಮೇಲೆ ಮನ್ನಿಸಿದರು. ಒಡೆದ ಗಡಿಗೆಯ ಬಳಿ ನಿಂತ ಮಗುವಿಗೂ ಇಷ್ಟು ನ್ಯಾಯ ಸಲ್ಲಬೇಕು. ‘ಏಕೆ ಒಡೆದೆ?’ ಎಂಬ ಗರ್ಜನೆಗೆ ಮಗುವಿನಲ್ಲಿ ಉತ್ತರವಿಲ್ಲ. ‘ಏನಾಯಿತು ಹೇಳು, ಮಗು’ ಎಂದು ಅದರ ಕಣ್ಣಿನ ಮಟ್ಟಕ್ಕೆ ಬಾಗಿ ಕೇಳಿದರೆ ಉತ್ತರವಿದೆ. ಹೀಗೆ ಬಾಗುವುದರಿಂದ ಹಿರಿಯರ ಹಿರಿತನ ಕುಂದದು. ಪಂಚಾಚಾರಗಳಲ್ಲಿ ಭೃತ್ಯಾಚಾರವೂ ಒಂದು; ತಾನು ಕಿರಿಯನೆಂಬ ವಿನಯವೇ ಅದರ ಜೀವ. ಕೈಯಲ್ಲಿ ಮೊಬೈಲು ಹಿಡಿದು, ಕಣ್ಣನ್ನು ಅದರಲ್ಲಿಟ್ಟು, ಮಗುವಿನ ಮಾತಿಗೆ ಬರಿಯ ‘ಹೂಂ’ಗುಟ್ಟುವುದು ಕೇಳಿದಂತಾಗದು.

‘ಹಾಗಾದರೆ ಮಕ್ಕಳನ್ನು ತಿದ್ದುವುದೇ ಬೇಡವೇ?’ ಎಂದು ಕೆಲವರು ಶಂಕಿಸಬಹುದು. ತಿದ್ದಲೇಬೇಕು. ತಿದ್ದದೆ ಬಿಡುವುದು ಪ್ರೀತಿಯಲ್ಲ, ಸೋಮಾರಿತನ. ಆದರೆ ತಿದ್ದಬೇಕಾದುದು ಕೃತ್ಯವನ್ನು, ಹಳಿಯಬಾರದುದು ಕೂಸನ್ನು. ‘ತಮ್ಮನನ್ನು ಹೊಡೆದುದು ತಪ್ಪು’ ಎಂಬುದು ತಿದ್ದುವ ಮಾತು. ‘ನೀನು ರಾಕ್ಷಸ’ ಎಂಬುದು ಇರಿಯುವ ಮಾತು. ‘ಓಡಬೇಡ’ ಎಂದು ನೂರು ಸಲ ಕೂಗುವುದಕ್ಕಿಂತ ‘ಮೆಲ್ಲನೆ ನಡೆ’ ಎಂದು ಒಮ್ಮೆ ಹೇಳಿ, ಕೈಹಿಡಿದು ನಡೆಸುವುದು ಲೇಸು. ಮಾಡಬಾರದುದನ್ನು ಮಾತ್ರ ಕೇಳಿದ ಮಗುವಿಗೆ ಮಾಡಬೇಕಾದುದು ತೋರದು. ಹಾಲು ಚೆಲ್ಲಿದ ಮಗುವಿನ ಕೈಗೆ ಒಂದು ಅರಿವೆಯನ್ನು ಕೊಟ್ಟು ಜೊತೆಯಲ್ಲಿ ಕುಳಿತು ಒರೆಸಿದರೆ ಅದೇ ಶಿಕ್ಷೆ, ಅದೇ ಶಿಕ್ಷಣ, ಅದೇ ಕಾಯಕದ ಮೊದಲ ಪಾಠ.

2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಶಾಲೆಗಳಲ್ಲಿ ಮಕ್ಕಳಿಗೆ ದೈಹಿಕ ದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಉಪಾಧ್ಯಾಯರ ಕೈಯನ್ನು ಕಾಯಿದೆ ತಡೆದೀತು. ಹೊಸ್ತಿಲೊಳಗೆ ತಾಯಿತಂದೆಗಳ ಕೈಯನ್ನೂ ನಾಲಗೆಯನ್ನೂ ತಡೆಯಬೇಕಾದುದು ಅವರ ಧರ್ಮಬುದ್ಧಿಯೇ. ಹುಟ್ಟಿದ ಶಿಶುವಿಗೂ ಲಿಂಗಧಾರಣೆ ಮಾಡಿಸುವುದು ವೀರಶೈವ ಸಂಪ್ರದಾಯ. ತಂದೆಯ ಎದೆಯ ಮೇಲಿನ ಲಿಂಗ ದೊಡ್ಡದು, ಕೂಸಿನ ಎದೆಯ ಮೇಲಿನದು ಚಿಕ್ಕದು ಎನ್ನುವಂತಿಲ್ಲ. ಲಿಂಗವನ್ನು ಧರಿಸಿದ ಆ ಪುಟ್ಟ ಅಂಗದ ಮೇಲೆ ಕೈಯೆತ್ತುವವನು ಯಾರ ಮೇಲೆ ಕೈಯೆತ್ತುತ್ತಿರುವೆನೆಂದು ಒಂದು ಕ್ಷಣ ತಡೆದು ಯೋಚಿಸಬೇಡವೇ?

ಕೊಡಗೂಸಿನಂತೆ ನಂಬುವ ಕೂಸುಗಳು ಪ್ರತಿಯೊಂದು ಮನೆಯಲ್ಲಿಯೂ ಇವೆ. ಅವುಗಳ ನಂಬುಗೆ ಬಹುಕಾಲ ಕಾಯುವುದಿಲ್ಲ. ಐದಾರು ಸಲ ಮುರಿದರೆ ಮತ್ತೆ ಕೂಡುವುದು ಕಷ್ಟ. ಆ ನಂಬುಗೆ ಇರುವಾಗಲೇ ಅದಕ್ಕೆ ತಕ್ಕ ಮಾತನ್ನಾಡುವ ಸದ್ಬುದ್ಧಿಯನ್ನು ತಾಯಿತಂದೆಗಳಿಗೆ ಪರಶಿವನು ಕರುಣಿಸಲಿ.