ಮತವಿಲ್ಲದವರ ಅಭಿಮತ

ಹದಿನಾರರ ಹುಡುಗಿಯೊಬ್ಬಳು ಪಿಸ್ತೂಲು ಮಾರಾಟದ ಬಗ್ಗೆ ಅಭಿಪ್ರಾಯ ಹೇಳಿದರೆ ಅದಕ್ಕೆ ಎಷ್ಟು ತೂಕ ಕೊಡಬೇಕು? ಅವಳಿಗೆ ಓಟಿಲ್ಲ, ಸ್ವಂತ ಸಂಪಾದನೆಯಿಲ್ಲ, ಬಂದೂಕಿನ ಕಾನೂನಿನ ಸೂಕ್ಷ್ಮಗಳು ಬಹುಶಃ ಗೊತ್ತಿಲ್ಲ. ಅಮೆರಿಕದಲ್ಲಿ 2018ರಿಂದ ಈಚೆಗೆ ಈ ಪ್ರಶ್ನೆ ತೀರ ಬಿಸಿಯಾಗಿದೆ. ಆ ವರ್ಷ ಫೆಬ್ರವರಿ 14ರಂದು ಫ್ಲಾರಿಡಾದ ಪಾರ್ಕ್‌ಲ್ಯಾಂಡ್‌ನ ಮಾರ್ಜರಿ ಸ್ಟೋನ್‌ಮನ್ ಡಗ್ಲಸ್ ಹೈಸ್ಕೂಲಿನಲ್ಲಿ, ಅಲ್ಲೇ ಹಿಂದೆ ಓದಿದ್ದ ಹತ್ತೊಂಬತ್ತರ ಯುವಕ ಕಾನೂನುಬದ್ಧವಾಗಿಯೇ ಕೊಂಡಿದ್ದ ರೈಫಲ್‌ನಿಂದ 17 ಜನರನ್ನು ಕೊಂದ. ಬದುಕುಳಿದ ವಿದ್ಯಾರ್ಥಿಗಳು ಶೋಕಸಭೆಗೆ ನಿಲ್ಲದೆ ಶಾಸಕರ ಬಾಗಿಲಿಗೆ ಹೋದರು. ಮಾರ್ಚ್ 14ರಂದು ದೇಶದ ಉದ್ದಗಲಕ್ಕೂ ಮಕ್ಕಳು ತರಗತಿ ಬಿಟ್ಟು ಹೊರಬಂದರು. ಹತ್ತು ದಿನಗಳ ಬಳಿಕ ವಾಷಿಂಗ್ಟನ್ನಿನಲ್ಲಿ ಲಕ್ಷಾಂತರ ಜನರ ಮೆರವಣಿಗೆ ನಡೆಯಿತು. ಆಗ ಒಂದು ಕಡೆಯವರು ಇನ್ನು ಮಕ್ಕಳೇ ದಾರಿ ತೋರಿಸಲಿ ಎಂದರು, ಇನ್ನೊಂದು ಕಡೆಯವರು ಮಕ್ಕಳಿಗೇನು ತಿಳಿಯುತ್ತದೆ ಎಂದರು. ಮೊದಲ ಮಾತಿನಲ್ಲಿ ಮುಖಸ್ತುತಿಯಿದೆ, ಎರಡನೆಯದರಲ್ಲಿ ತಾತ್ಸಾರವಿದೆ. ಆ ಮಕ್ಕಳು ಹೇಳುತ್ತಿರುವುದೇನು, ಅದನ್ನು ಹೇಳುವ ಅಧಿಕಾರ ಅವರಿಗೆ ಎಲ್ಲಿಂದ ಬಂತು ಎಂದು ಎರಡು ಕಡೆಯವರೂ ವಿಚಾರಿಸಲಿಲ್ಲ.

ಅವರು ಹೇಳಿದ್ದೇನು ಎಂಬುದಕ್ಕೆ ಒಂದಿಷ್ಟು ಆಧಾರವಿದೆ. ಪಾರ್ಕ್‌ಲ್ಯಾಂಡ್ ಘಟನೆಯ ಬೆನ್ನಿಗೇ ಪ್ಯೂ ಸಂಶೋಧನಾ ಕೇಂದ್ರ 13ರಿಂದ 17 ವರ್ಷದವರ ಅಭಿಪ್ರಾಯ ಸಂಗ್ರಹಿಸಿತು. ತಮ್ಮ ಶಾಲೆಯಲ್ಲೂ ಹೀಗಾದೀತು ಎಂಬ ಆತಂಕ ಶೇ 57ರಷ್ಟು ಮಕ್ಕಳಿಗಿತ್ತು. ಶೇ 25ರಷ್ಟು ಮಕ್ಕಳು ತುಂಬ ಹೆದರಿದ್ದರು. ಹುಡುಗರಿಗಿಂತ ಹುಡುಗಿಯರಲ್ಲಿ, ಬಿಳಿಯರಿಗಿಂತ ಉಳಿದವರಲ್ಲಿ ಭಯ ಹೆಚ್ಚು. ಇಷ್ಟನ್ನು ಯಾರಾದರೂ ಊಹಿಸಬಹುದಿತ್ತು. ಯಾವ ಕ್ರಮದಿಂದ ದಾಳಿ ತಡೆಯಬಹುದು ಎಂಬುದಕ್ಕೆ ಬಂದ ಉತ್ತರಗಳು ಮಾತ್ರ ಊಹೆಗೆ ಸಿಗುವಂಥವಲ್ಲ. ಮಾನಸಿಕ ಅಸ್ವಸ್ಥರಿಗೆ ಬಂದೂಕು ಸಿಗದಂತೆ ಮಾಡುವುದು ಪರಿಣಾಮಕಾರಿ ಎಂದವರು ಶೇ 86, ಶಾಲೆಯ ಬಾಗಿಲಲ್ಲಿ ಮೆಟಲ್ ಡಿಟೆಕ್ಟರ್ ಇಡಬೇಕೆಂದವರು ಶೇ 79. ಯುದ್ಧಮಾದರಿಯ ಬಂದೂಕುಗಳ ನಿಷೇಧ ಫಲ ಕೊಡುತ್ತದೆ ಎಂದವರು ಶೇ 66. ಶಿಕ್ಷಕರ ಕೈಗೂ ಬಂದೂಕು ಕೊಟ್ಟರೆ ಒಳಿತು ಎಂದವರು ಶೇ 39! ಟಿವಿ ಪರದೆಯಲ್ಲಿ ಒಕ್ಕೊರಲಿನಿಂದ ಕೂಗುತ್ತಿದ್ದಂತೆ ಕಂಡ ಪೀಳಿಗೆ ಒಳಗೆ ಒಕ್ಕೊರಲಿನದಾಗಿರಲಿಲ್ಲ. ಹದಿಹರೆಯದವರೆಲ್ಲ ಬಂದೂಕಿನ ವಿರೋಧಿಗಳು ಎನ್ನುವುದು ದೊಡ್ಡವರು ತಮ್ಮ ಅನುಕೂಲಕ್ಕೆ ಕಟ್ಟಿಕೊಂಡ ಚಿತ್ರ. ಬೇಟೆಯಾಡುವ ಮನೆತನದಲ್ಲಿ, ಹಳ್ಳಿಗಾಡಿನಲ್ಲಿ ಬೆಳೆದ ಮಗುವೂ ಹದಿಹರೆಯದ್ದೇ.

ಇಂಥ ಅಭಿಪ್ರಾಯವನ್ನು ಪಕ್ಕಕ್ಕೆ ಸರಿಸಲು ತತ್ತ್ವಶಾಸ್ತ್ರದಲ್ಲಿ ಹಳೆಯ, ಗಟ್ಟಿಯಾದ ವಾದವೊಂದಿದೆ. ಎಳೆಯರು ರಾಜ್ಯಶಾಸ್ತ್ರದ ಪಾಠಕ್ಕೆ ತಕ್ಕವರಲ್ಲ, ಅವರಿಗೆ ಬದುಕಿನ ಅನುಭವವಿಲ್ಲ, ಭಾವಾವೇಶ ಎಳೆದತ್ತ ಹೋಗುತ್ತಾರೆ ಎಂದ ಅರಿಸ್ಟಾಟಲ್. 1859ರಲ್ಲಿ ಸ್ವಾತಂತ್ರ್ಯದ ಬಗ್ಗೆ ಅಷ್ಟು ಉದಾರವಾಗಿ ಬರೆದ ಜಾನ್ ಸ್ಟುವರ್ಟ್ ಮಿಲ್ ಕೂಡ ತನ್ನ ಸೂತ್ರ ಪ್ರಾಯಕ್ಕೆ ಬಂದವರಿಗೆ ಮಾತ್ರ ಎಂದು ಆರಂಭದಲ್ಲೇ ಗೆರೆ ಎಳೆದ. ಅಂಕಿಅಂಶವೂ ಮೇಲ್ನೋಟಕ್ಕೆ ಈ ವಾದದ ಪರವಾಗಿಯೇ ಇದೆ. 2020ರಿಂದ ಅಮೆರಿಕದ 1ರಿಂದ 19 ವರ್ಷದವರ ಸಾವಿಗೆ ಬಂದೂಕೇ ಮೊದಲ ಕಾರಣ. ರಸ್ತೆ ಅಪಘಾತವನ್ನೂ ಅದು ಹಿಂದಿಕ್ಕಿದೆ. ಆದರೆ ಆ ಸಾವುಗಳಲ್ಲಿ ಶಾಲೆಯೊಳಗಿನ ದಾಳಿಯ ಪಾಲು ತೀರ ಸಣ್ಣದು. ಎಲ್ಲ ವಯಸ್ಸಿನವರನ್ನೂ ಸೇರಿಸಿದರೆ 2022ರಲ್ಲಿ 48 ಸಾವಿರಕ್ಕೂ ಹೆಚ್ಚು ಜನ ಗುಂಡಿಗೆ ಸತ್ತರು, ಅವರಲ್ಲಿ ಸುಮಾರು 27 ಸಾವಿರ ಆತ್ಮಹತ್ಯೆಗಳು. ಮಕ್ಕಳ ಕಣ್ಣೆದುರು ಇರುವುದು ಕಾರಿಡಾರಿನಲ್ಲಿ ರೈಫಲ್ ಹಿಡಿದು ಬರುವ ಅಪರಿಚಿತ. ಲೆಕ್ಕದ ಪ್ರಕಾರ ಹೆಚ್ಚು ಅಪಾಯವಿರುವುದು ಮಲಗುವ ಕೋಣೆಯ ಡ್ರಾಯರಿನಲ್ಲಿ ಗುಂಡು ತುಂಬಿಟ್ಟ ಪಿಸ್ತೂಲಿನಿಂದ. ಅಂದಮೇಲೆ ಅವರ ಅಭಿಪ್ರಾಯ ಭಯದಿಂದ ಹುಟ್ಟಿದ್ದು, ಆ ಭಯವೂ ಗುರಿ ತಪ್ಪಿದ್ದು ಎಂದರೆ ಸುಳ್ಳಾಗುವುದಿಲ್ಲ.

ಒಪ್ಪೋಣ. ಆದರೆ ಅದೇ ತಕ್ಕಡಿಯಲ್ಲಿ ದೊಡ್ಡವರನ್ನೂ ತೂಗಬೇಕಲ್ಲ. ಪೊಲೀಸರನ್ನೂ ಅಧಿಕೃತ ವ್ಯಕ್ತಿಗಳನ್ನೂ ಬಿಟ್ಟು ಉಳಿದವರಿಗೆ ಪಿಸ್ತೂಲು, ರಿವಾಲ್ವರ್ ನಿಷೇಧಿಸಬೇಕೇ ಎಂದು ಗ್ಯಾಲಪ್ ಸಂಸ್ಥೆ 1959ರಲ್ಲಿ ಕೇಳಿದಾಗ ಶೇ 60ರಷ್ಟು ಅಮೆರಿಕನ್ನರು ಹೌದೆಂದಿದ್ದರು. 2021ರಲ್ಲಿ ಅದೇ ಪ್ರಶ್ನೆಗೆ ಹೌದೆಂದವರು ಶೇ 19 ಮಾತ್ರ. ಈ ಅರವತ್ತು ವರ್ಷಗಳಲ್ಲಿ ಪಿಸ್ತೂಲಿನಿಂದ ಸಾಯುವವರೇನೂ ಕಡಿಮೆಯಾಗಲಿಲ್ಲ. ಬದಲಾದದ್ದು ಅದನ್ನು ಇಟ್ಟುಕೊಳ್ಳುವ ಉದ್ದೇಶ: ಪ್ಯೂ ಕೇಂದ್ರದ 2023ರ ಸಮೀಕ್ಷೆಯಲ್ಲಿ ಬಂದೂಕಿನ ಮಾಲೀಕರ ಪೈಕಿ ಶೇ 72ರಷ್ಟು ಜನ ಆತ್ಮರಕ್ಷಣೆ ಒಂದು ಮುಖ್ಯ ಕಾರಣ ಎಂದರು. ಮನೆಗೆ ನುಗ್ಗುವ ಅಪರಿಚಿತನ ಭಯವೂ ಭಯವೇ. ಅದೂ ಗುರಿ ತಪ್ಪಿದ್ದು, ಏಕೆಂದರೆ ಆ ಪಿಸ್ತೂಲಿನಿಂದ ಕಳ್ಳ ಸಾಯುವುದಕ್ಕಿಂತ ಮನೆಯವರೇ ಸಾಯುವ ಸಂಭವ ಹೆಚ್ಚು. ಹುಡುಗಿಯ ಭಯ ಭಾವಾವೇಶ, ಅವಳ ಚಿಕ್ಕಪ್ಪನ ಭಯ ಮಾತ್ರ ವಿವೇಕ ಎನ್ನುವುದಕ್ಕೆ ನನಗೆ ಕಾರಣ ಕಾಣುವುದಿಲ್ಲ. ವ್ಯತ್ಯಾಸ ಇರುವುದು ಓಟಿನಲ್ಲಿ.

ನನ್ನ ವಾದ ಇಲ್ಲಿಂದ ಮುಂದಕ್ಕಿದೆ. ಅಭಿಪ್ರಾಯ ಎಂದು ನಾವು ಒಟ್ಟಾಗಿ ಕರೆಯುವುದರಲ್ಲಿ ಎರಡು ಬೇರೆಬೇರೆ ಹೇಳಿಕೆಗಳು ಅಡಗಿರುತ್ತವೆ. ಈ ಕ್ರಮದಿಂದ ಸಾವು ಕಡಿಮೆಯಾಗುತ್ತದೆ ಎನ್ನುವುದು ಒಂದು. ಇದು ಅರಿವಿಗೆ ಸಂಬಂಧಿಸಿದ್ದು, ಪುರಾವೆಯ ಮುಂದೆ ನಿಲ್ಲಬೇಕಾದದ್ದು. ಇಲ್ಲಿ ಹದಿನಾರರವಳಿಗೂ ಅರವತ್ತರವರಿಗೂ ವಿಶೇಷ ರಿಯಾಯಿತಿ ಇಲ್ಲ. ನನ್ನನ್ನು ಕೇಳದೆ ಈ ಅಪಾಯವನ್ನು ನನ್ನ ಮೇಲೆ ಹೊರಿಸಬೇಡಿ ಎನ್ನುವುದು ಇನ್ನೊಂದು. ಇದಕ್ಕೆ ಅನುಭವವಾಗಲಿ ಪಾಂಡಿತ್ಯವಾಗಲಿ ಬೇಕಿಲ್ಲ, ಅಪಾಯದ ದಾರಿಯಲ್ಲಿ ನಿಂತಿದ್ದರೆ ಸಾಕು. ಕಠೋಪನಿಷತ್ತಿನ ನಚಿಕೇತನನ್ನು ನಾವು ಜ್ಞಾನದಾಹಿ ಬಾಲಕನೆಂದೇ ನೆನೆಯುತ್ತೇವೆ. ಆದರೆ ಹಾಲು ಬತ್ತಿದ ಹಸುಗಳನ್ನು ದಾನಕ್ಕೆ ಹೊಡೆಯುತ್ತಿದ್ದ ತಂದೆಯ ಬಳಿ ಅವನು ಮೊದಲು ಕೇಳಿದ್ದು ಆತ್ಮದ ವಿಚಾರವನ್ನಲ್ಲ, ತನ್ನನ್ನು ಯಾರಿಗೆ ಕೊಡುತ್ತೀರೆಂದು. ಕೊಟ್ಟುಬಿಡಬಹುದಾದವುಗಳ ಪಟ್ಟಿಯಲ್ಲಿ ತಾನೂ ಇದ್ದೇನೆ ಎಂಬ ಅರಿವೇ ಆ ಪ್ರಶ್ನೆ ಕೇಳುವ ಹಕ್ಕನ್ನು ಅವನಿಗೆ ಕೊಟ್ಟಿತ್ತು.

ಅಮೆರಿಕದ ಹದಿಹರೆಯದವರ ವಿಷಯದಲ್ಲಿ ಈ ಹಕ್ಕು ಇನ್ನಷ್ಟು ಬಲವಾಗುತ್ತದೆ, ಅದಕ್ಕೆ ಕಾರಣ ಅವರ ಕಾನೂನೇ. ಪಿಸ್ತೂಲಿನ ಹಕ್ಕಿಗೆ ಕೊಡುವ ಮುಖ್ಯ ಸಮರ್ಥನೆ ಆತ್ಮರಕ್ಷಣೆ. ಆದರೆ 1994ರ ಕೇಂದ್ರ ಕಾನೂನಿನ ಪ್ರಕಾರ, ಬೇಟೆ, ಗುರಿ ಅಭ್ಯಾಸ, ಮನೆಗೆ ನುಗ್ಗಿದವನನ್ನು ಎದುರಿಸುವಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, 18 ತುಂಬದವರು ಪಿಸ್ತೂಲು ಹೊಂದುವಂತಿಲ್ಲ; ಲೈಸೆನ್ಸ್ ಪಡೆದ ಅಂಗಡಿಯವನು 21 ತುಂಬದವರಿಗೆ ಅದನ್ನು ಮಾರುವಂತಿಲ್ಲ ಎಂಬ ನಿಯಮ 1968ರಿಂದಲೇ ಇದೆ. ಸರಿಯಾದ ನಿಯಮಗಳೇ. ಆದರೆ ಅವುಗಳ ಅರ್ಥವೇನು? ನಿನಗೆ ಪ್ರಬುದ್ಧತೆ ಸಾಲದು, ಆದ್ದರಿಂದ ಈ ಆಯುಧ ನಿನಗಿಲ್ಲ ಎಂದು ಹೇಳಿದ ಸಮಾಜವೇ ಆ ಹುಡುಗಿಯನ್ನು ಕಡ್ಡಾಯವಾಗಿ ಶಾಲೆಗೆ ಕಳಿಸುತ್ತದೆ. ಮನೆಯಲ್ಲೇ ಕಲಿಸುವ ಅವಕಾಶವಿದ್ದರೂ ಅದನ್ನು ಆರಿಸಿಕೊಳ್ಳುವುದು ಹೆತ್ತವರು. ಹೀಗೆ ಆಯುಧವಿಲ್ಲದೆ, ಓಟಿಲ್ಲದೆ, ಎದ್ದುಹೋಗುವ ಸ್ವಾತಂತ್ರ್ಯವೂ ಇಲ್ಲದೆ ಆಕೆ ಒಂದು ಕೋಣೆಯಲ್ಲಿ ಕೂತಿರುತ್ತಾಳೆ. ಆ ಕೋಣೆಯಲ್ಲಿ ವರ್ಷಕ್ಕೆ ಕೆಲವು ಬಾರಿ ಲಾಕ್‌ಡೌನ್ ಡ್ರಿಲ್ ನಡೆಯುತ್ತದೆ: ಟೀಚರ್ ಬಾಗಿಲಿಗೆ ಬೀಗ ಹಾಕಿ, ದೀಪ ಆರಿಸಿ, ಬಾಗಿಲಿನ ಗಾಜಿನಿಂದ ಕಾಣದ ಮೂಲೆಗೆ ಎಲ್ಲರನ್ನೂ ಸರಿಸುತ್ತಾರೆ, ಮಕ್ಕಳು ಗೋಡೆಗೊತ್ತಿ ಕೂತು, ಫೋನ್ ಸದ್ದಡಗಿಸಿ, ಹೊರಗಿನಿಂದ ಯಾರೋ ಹಿಡಿಕೆ ಅಲುಗಾಡಿಸಿ ನೋಡುವುದನ್ನು ಕೇಳಿಸಿಕೊಳ್ಳುತ್ತಾರೆ. ಒಬ್ಬರ ಆತ್ಮರಕ್ಷಣೆಯ ಹಕ್ಕನ್ನು ಅವರ ಹಿತಕ್ಕೆಂದೇ ಕಿತ್ತುಕೊಂಡವರು ಅವರ ರಕ್ಷಣೆಯ ಹೊಣೆಯನ್ನೂ ಹೊರಬೇಕು, ಹೊತ್ತ ಹೊಣೆಯ ಲೆಕ್ಕವನ್ನೂ ಅವರಿಗೇ ಒಪ್ಪಿಸಬೇಕು. ಅಪ್ರಬುದ್ಧತೆ ಎಂಬ ಕಾರಣವನ್ನು ಆಯುಧ ನಿರಾಕರಿಸಲು ಒಮ್ಮೆ, ಮಾತು ನಿರಾಕರಿಸಲು ಇನ್ನೊಮ್ಮೆ ಬಳಸುವುದು ಅನ್ಯಾಯ.

ಮಕ್ಕಳ ಪರವಾಗಿ ಹೆತ್ತವರಿದ್ದಾರಲ್ಲ, ಅವರ ಓಟಿನಲ್ಲೇ ಮಕ್ಕಳ ಹಿತವೂ ಸೇರಿದೆ ಎನ್ನುವವರಿದ್ದಾರೆ. ಶಾಲಾ ಶುಲ್ಕ, ಲಸಿಕೆ ಮುಂತಾದ ವಿಷಯಗಳಲ್ಲಿ ಈ ಮಾತು ಬಹುಮಟ್ಟಿಗೆ ನಡೆಯುತ್ತದೆ. ಬಂದೂಕಿನ ವಿಷಯದಲ್ಲಿ ಅಷ್ಟಾಗಿ ನಡೆಯುವುದಿಲ್ಲ. ಅಮೆರಿಕದ ಸೀಕ್ರೆಟ್ ಸರ್ವಿಸ್ 2019ರಲ್ಲಿ ಶಾಲಾ ದಾಳಿಗಳನ್ನು ವಿಶ್ಲೇಷಿಸಿದಾಗ, ಬಂದೂಕು ಬಳಸಿದ ದಾಳಿಕೋರರಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಅದು ಸಿಕ್ಕಿದ್ದು ಹೆತ್ತವರ ಅಥವಾ ಹತ್ತಿರದ ಬಂಧುಗಳ ಮನೆಯಿಂದಲೇ ಎಂದು ತಿಳಿಯಿತು. 2021ರ ನವೆಂಬರ್ 30ರಂದು ಮಿಷಿಗನ್ ರಾಜ್ಯದ ಆಕ್ಸ್‌ಫರ್ಡ್ ಹೈಸ್ಕೂಲಿನಲ್ಲಿ ನಾಲ್ವರು ವಿದ್ಯಾರ್ಥಿಗಳನ್ನು ಕೊಂದ ಹದಿನೈದರ ಹುಡುಗನ ಕೈಯಲ್ಲಿದ್ದ ಪಿಸ್ತೂಲನ್ನು ನಾಲ್ಕು ದಿನ ಮೊದಲು ಕೊಂಡವನು ಅವನ ತಂದೆ. 2024ರಲ್ಲಿ ತಂದೆ, ತಾಯಿ ಇಬ್ಬರಿಗೂ ಜೈಲುಶಿಕ್ಷೆಯಾಯಿತು. ಎಲ್ಲ ಹೆತ್ತವರೂ ಹೀಗೆ ಎಂದು ಹೇಳುತ್ತಿಲ್ಲ. ಆದರೆ ಅಪಾಯದ ವಸ್ತುವಿನ ಒಡೆಯನೂ ಅಪಾಯಕ್ಕೆ ಸಿಲುಕುವವರ ಪ್ರತಿನಿಧಿಯೂ ಒಬ್ಬನೇ ಆದಾಗ, ಬೇರೆ ಯಾವ ವ್ಯವಹಾರದಲ್ಲಾದರೂ ನಾವು ಇದು ನ್ಯಾಯವಲ್ಲ ಎನ್ನುತ್ತಿದ್ದೆವು. ಮಕ್ಕಳಿಗೆ ಸಂಬಂಧಿಸಿದ ಸಂಗತಿಗಳಲ್ಲಿ ವಯಸ್ಸಿಗೂ ಪ್ರೌಢಿಮೆಗೂ ತಕ್ಕಂತೆ ಅವರ ಮಾತಿಗೆ ಬೆಲೆ ಕೊಡಬೇಕು ಎಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ತನ್ನ 12ನೇ ವಿಧಿಯಲ್ಲಿ ಹೇಳುತ್ತದೆ. ಅದಕ್ಕೆ ಸಹಿ ಹಾಕಿಯೂ ಅನುಮೋದಿಸದೆ ಉಳಿದಿರುವ ಏಕೈಕ ಸದಸ್ಯ ರಾಷ್ಟ್ರ ಅಮೆರಿಕ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ. ಹಕ್ಕುಗಳನ್ನು ತಲೆ ಎಣಿಸಿ ತೀರ್ಮಾನಿಸುವುದಿಲ್ಲ. ವಾಷಿಂಗ್ಟನ್ ನಗರ ಎಪ್ಪತ್ತರ ದಶಕದಿಂದ ಜಾರಿಯಲ್ಲಿಟ್ಟಿದ್ದ ಪಿಸ್ತೂಲು ನಿಷೇಧವನ್ನು ಸುಪ್ರೀಂ ಕೋರ್ಟು 2008ರಲ್ಲಿ ಹೆಲ್ಲರ್ ಪ್ರಕರಣದಲ್ಲಿ, ಐದು ನಾಲ್ಕರ ಬಹುಮತದಿಂದ ರದ್ದು ಮಾಡಿತು. ಎರಡು ವರ್ಷದ ಮೇಲೆ ಶಿಕಾಗೊದ ನಿಷೇಧದ ಬುಡವನ್ನೂ ಕಡಿಯಿತು. ಮಕ್ಕಳಲ್ಲಿ ನೂರಕ್ಕೆ ತೊಂಬತ್ತು ಜನ ನಿಷೇಧ ಬೇಕೆಂದರೂ ಸಂವಿಧಾನ ಅದಕ್ಕೆ ಬಗ್ಗುವುದಿಲ್ಲ, ಬಗ್ಗಲೂಬಾರದು. ಈ ತತ್ತ್ವವನ್ನು ನಾನು ಪೂರ್ತಿ ಒಪ್ಪುತ್ತೇನೆ, ಜನಪ್ರಿಯತೆಗೆ ಸೋಲುವ ಹಕ್ಕು ಹಕ್ಕೇ ಅಲ್ಲ. ಆದರೆ ಹೆಲ್ಲರ್ ತೀರ್ಪು ಸಹ ಈ ಹಕ್ಕಿಗೆ ಮಿತಿಯಿದೆ, ಶಾಲೆಯಂಥ ಸೂಕ್ಷ್ಮ ಸ್ಥಳಗಳಲ್ಲಿ ನಿರ್ಬಂಧ ಹೇರಬಹುದು ಎಂದು ಒಪ್ಪಿದೆ. ಮಿತಿ ಎಲ್ಲಿ ಎಂದು ಅಳೆಯುವಾಗ ಯಾರ ಜೀವವನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬ ಪ್ರಶ್ನೆ ಬಂದೇ ಬರುತ್ತದೆ. ಹದಿಹರೆಯದವರ ಅಭಿಪ್ರಾಯಕ್ಕೆ ಅಲ್ಲಿ ಜಾಗವಿದೆ. ಪಿಸ್ತೂಲನ್ನು ಬೀಗ ಹಾಕಿಡಬೇಕೆಂಬ ಕಾನೂನು, ಖರೀದಿಯ ವಯಸ್ಸು, ಖರೀದಿಗೆ ಮುನ್ನ ಕಾಯುವ ದಿನಗಳು ಯಾರ ಹಕ್ಕನ್ನೂ ಅಳಿಸಿಹಾಕುವುದಿಲ್ಲ, ಆದರೆ ಡ್ರಾಯರಿಗೂ ಮಗುವಿನ ಕೈಗೂ ನಡುವಿನ ದೂರವನ್ನು ಹೆಚ್ಚಿಸುತ್ತವೆ.

ಬಂದೂಕು ಅಲ್ಲಿನವರಿಗೆ ಬರೀ ಆಯುಧವಲ್ಲ, ಪರಂಪರೆ ಎನ್ನುವ ಮಾತನ್ನು ಕನ್ನಡದವರು ತಳ್ಳಿಹಾಕುವಂತಿಲ್ಲ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗಳನ್ನು ತೊಳೆದು, ಸಾಲಾಗಿ ಇಟ್ಟು, ತೋಕ್ ಪೂ ಎಂಬ ಹೂ ಮುಡಿಸಿ ಪೂಜಿಸುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಅಲ್ಲಿ ಕೋವಿ ಐನ್‌ಮನೆಗೆ, ಕುಲಕ್ಕೆ, ಹಬ್ಬಕ್ಕೆ ಕಟ್ಟುಬಿದ್ದ ವಸ್ತು. ಅಂಥ ಕಟ್ಟು ಅಮೆರಿಕದ ಬೇಟೆಗಾರ ಕುಟುಂಬಗಳಲ್ಲೂ ಇದೆ, ಅದನ್ನು ಗೌರವಿಸೋಣ. ಆದರೆ ಪರಂಪರೆಯ ಹೆಸರಿನಲ್ಲಿ ಸಮರ್ಥಿಸಿಕೊಳ್ಳುವ ವಸ್ತು ಪರಂಪರೆ ಹಾಕಿದ ಕಟ್ಟನ್ನೂ ಹೊರಬೇಕು. ಹಿಂದಿನ ವಾರ ಕೊಂಡು, ಬೀಗವಿಲ್ಲದೆ ಇಟ್ಟ ಪಿಸ್ತೂಲಿಗೆ ಯಾವ ಪರಂಪರೆಯೂ ಇಲ್ಲ.

ದೊಡ್ಡವರು ಮಕ್ಕಳನ್ನು ಮುಂದೆ ಬಿಟ್ಟು ತಮ್ಮ ರಾಜಕೀಯ ಮಾಡುತ್ತಾರೆ ಎಂಬ ದೂರೂ ಇದೆ. ಮಾಡುತ್ತಾರೆ, ಎರಡೂ ಪಕ್ಷದವರು. ಆದರೆ ಪಾರ್ಕ್‌ಲ್ಯಾಂಡ್ ವಿದ್ಯಾರ್ಥಿಗಳ ಒತ್ತಾಯದಿಂದ ಫ್ಲಾರಿಡಾದಲ್ಲಿ ಬಂದ ಕಾನೂನನ್ನು ನೋಡಿ. ದಾಳಿಯಾದ ತಿಂಗಳೊಳಗೆ, ಮಾರ್ಚ್ 9ರಂದು, ರಿಪಬ್ಲಿಕನ್ ಗವರ್ನರ್ ರಿಕ್ ಸ್ಕಾಟ್ ಸಹಿ ಹಾಕಿದ ಅದು ರೈಫಲ್ ಕೊಳ್ಳುವ ವಯಸ್ಸನ್ನೂ 21ಕ್ಕೆ ಏರಿಸಿತು. ಅದರ ಭಾರ ಮೊದಲು ಬಿದ್ದದ್ದು ಯಾರ ಮೇಲೆ? ಇನ್ನೊಂದೆರಡು ವರ್ಷಗಳಲ್ಲಿ 18 ತುಂಬಲಿದ್ದ ಅದೇ ಹುಡುಗ ಹುಡುಗಿಯರ ಮೇಲೆ. ಹದಿನೆಂಟಕ್ಕೆ ಸೈನ್ಯ ಸೇರಬಹುದಾದವರಿಗೆ ಬಂದೂಕು ಕೊಳ್ಳುವ ಹಕ್ಕಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ, ಆದರೆ ಸೈನ್ಯದಲ್ಲಿ ತರಬೇತಿಯಿದೆ, ಮೇಲಧಿಕಾರಿಯಿದ್ದಾನೆ, ಆಯುಧಾಗಾರಕ್ಕೆ ಬೀಗವಿದೆ. ತಮ್ಮ ಕೈಯನ್ನೇ ಕಟ್ಟುವ ನಿಯಮವನ್ನು ಕೇಳಿ ಪಡೆದವರನ್ನು ಭಾವಾವೇಶದ ಗುಂಪು ಎನ್ನುವುದು ಕಷ್ಟ.

ಉಳಿದದ್ದು ಶಿಕ್ಷಕರ ಕೈಗೆ ಬಂದೂಕು ಕೊಡಿ ಎಂದ ಆ ಶೇ 39. ನನ್ನ ವಾದ ಅವರನ್ನು ಹೊರಗಿಟ್ಟರೆ ಅದು ವಾದವಲ್ಲ, ಪಕ್ಷಪಾತ. ಅಪಾಯದ ದಾರಿಯಲ್ಲಿ ಅವರೂ ನಿಂತಿದ್ದಾರೆ, ಲೆಕ್ಕ ಕೇಳುವ ಹಕ್ಕು ಅವರಿಗೂ ಇದೆ. ಆದರೆ ಅವರ ಬೇಡಿಕೆಯಲ್ಲೂ ಎರಡು ಎಳೆಗಳಿವೆ. ನಮ್ಮನ್ನು ಕಾಪಾಡಿ ಎಂಬ ಎಳೆಗೆ ಸಮಾಜ ಉತ್ತರ ಕೊಡಲೇಬೇಕು. ಶಿಕ್ಷಕರ ಸೊಂಟದ ಪಿಸ್ತೂಲೇ ಕಾಪಾಡುತ್ತದೆ ಎಂಬ ಎಳೆ ಮಾತ್ರ ಪುರಾವೆಯ ಮುಂದೆ ನಿಲ್ಲಬೇಕು. ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ ಅಂದು ಶಸ್ತ್ರಧಾರಿ ಪೊಲೀಸ್ ಅಧಿಕಾರಿಯೊಬ್ಬ ಇದ್ದ. ಗುಂಡಿನ ಸದ್ದು ನಿಲ್ಲುವವರೆಗೂ ಅವನು ಕಟ್ಟಡದ ಹೊರಗೇ ಉಳಿದ.